ಹಳೇ ಮದ್ದು, ಹತ್ತು ದಿನ

(ಶಿರಸಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ, ಮಳೆಗಾಲದ ಒಂದು ಶನಿವಾರ ಸಂಜೆ, ಗಂಟಲು ನೋವು ಮತ್ತು ಅದರ ಗುಳಿಗೆಯ ಬಗ್ಗೆ ವೈದ್ಯನಾಗಿ ಪಾಲಕರ ಮುಂದೆ ಆಡಿದ ಮಾತು. ಆಮೇಲೆ ನೆನಪಿನಿಂದ ಬರೆದದ್ದು. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿದ್ದರಿಂದ ಎರಡೆರಡು ಸಲ ಹೇಳಬೇಕಾಗಿ ಬಂದ ಮಾತುಗಳನ್ನು ಇಲ್ಲಿ ಒಂದೇ ಸಲ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನಿಮಗೇ ಒಂದು ಪ್ರಶ್ನೆ. ತೋಟದಲ್ಲಿ ಬೇರುಹುಳ ಬಿದ್ದು ಅಡಿಕೆ ಮರ ಸೊರಗಿದೆ ಅಂತಿಟ್ಟುಕೊಳ್ಳಿ. ಅದಕ್ಕೆ ಕೊನೆಗೌಡರನ್ನು ಮರ ಹತ್ತಿಸಿ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಸುವವರು ಇಲ್ಲಿ ಯಾರಾದರೂ ಇದ್ದೀರಾ?

(ಹಿಂದಿನ ಬೆಂಚಿನಿಂದ ಒಬ್ಬ ಹಿರಿಯರು: "ಹುಳ ಬುಡದಲ್ಲಿ, ಮದ್ದು ಮೇಲಿನ ಅಡಿಕೆ ಗೊನೆಗೆ. ಹಾಗೆ ಮಾಡುವವ ಮಳ್ಳ." ನಗು.)

ಹೌದಲ್ವಾ? ಮೈಲುತುತ್ತವೂ ದಂಡ, ಕೂಲಿಯೂ ದಂಡ. ಬೋರ್ಡೋ ಕೆಟ್ಟ ಮದ್ದು ಅಂತಲ್ಲ. ಅಡಿಕೆಯ ಕೊಳೆರೋಗಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ಅದು ಕೊಳೆಗೆ ಮಾತ್ರ. ಇಷ್ಟು ನಿಮಗೆ ಗೊತ್ತಿದೆ. ತೋಟಕ್ಕೆ ಹಚ್ಚುವ ಈ ಬುದ್ಧಿಯನ್ನೇ ಗಂಟಲಿಗೂ ಹಚ್ಚಿ ಅಂತ ಕೇಳಲು ಬಂದಿದ್ದೇನೆ.

ಕಳೆದ ತಿಂಗಳು ಒಬ್ಬರು ಕ್ಲಿನಿಕ್ಕಿಗೆ ಬಂದಿದ್ದರು. ಮೂಗು ಸೋರುತ್ತಿತ್ತು, ಕೆಮ್ಮು ಇತ್ತು, ಧ್ವನಿ ಕಟ್ಟಿ ಹೋಗಿತ್ತು. "ಡಾಕ್ಟ್ರೇ, ನಾಡಿದ್ದು ತಾಳಮದ್ದಲೆ. ಭೀಷ್ಮನ ಅರ್ಥ ಹೇಳೋದಿದೆ. ಎಂತಾದ್ರೂ ಪವರ್ ಇದ್ದಿದ್ದು ಬರ್ದುಕೊಡಿ" ಅಂದರು. ಮೆಡಿಕಲ್‌ನಿಂದ ತಂದ ಎರಡು ಅಜಿತ್ರೊಮೈಸಿನ್ ಗುಳಿಗೆ, ಅಂದರೆ ಬ್ಯಾಕ್ಟೀರಿಯಾಕ್ಕೆ ಕೊಡುವ ಆ್ಯಂಟಿಬಯೋಟಿಕ್, ಆಗಲೇ ಹೊಟ್ಟೆ ಸೇರಿತ್ತು. ಮೂರನೆಯದು ಜೇಬಿನಲ್ಲಿತ್ತು. ಅವರಿಗೆ ಬಂದಿದ್ದು ವೈರಸ್ ಶೀತ. ಅದಕ್ಕೆ ಆ ಗುಳಿಗೆ ತಾಗುವುದೇ ಇಲ್ಲ. ಬಿಸಿನೀರು ಕುಡಿಯಿರಿ, ಉಪ್ಪುನೀರು ಮುಕ್ಕಳಿಸಿ, ನಾಡಿದ್ದಿನವರೆಗೆ ಮಾತಾಡಬೇಡಿ ಅಂದೆ. ಕೊನೆಯದನ್ನು ಕೇಳಿ ಅವರಿಗೆ ಬೇಜಾರಾಯಿತು. ಅರ್ಥಧಾರಿಗೆ ಮಾತಾಡಬೇಡ ಅಂದರೆ ಆಗುತ್ತಾ?

ಗಂಟಲು ನೋವು ಬಂದ ನೂರು ದೊಡ್ಡವರನ್ನು ಸಾಲಾಗಿ ನಿಲ್ಲಿಸಿ. ಅದರಲ್ಲಿ ಹೆಚ್ಚೆಂದರೆ 5ರಿಂದ 15 ಜನರಿಗೆ ಇವತ್ತು ನಾನು ಹೇಳಲು ಹೊರಟ ಬ್ಯಾಕ್ಟೀರಿಯಾ ಸಿಗುತ್ತದೆ. ಮಕ್ಕಳಲ್ಲಿ ಸ್ವಲ್ಪ ಜಾಸ್ತಿ, ನೂರಕ್ಕೆ 20ರಿಂದ 30. ಉಳಿದವರದ್ದು ಬಹುತೇಕ ವೈರಸ್. ತಾನಾಗಿ ಬಂದದ್ದು, ವಾರದೊಳಗೆ ತಾನಾಗಿ ಹೋಗುತ್ತದೆ. ಎರಡು ಗುಳಿಗೆ ನುಂಗಿದ ಮೇಲೆ ಹೋದರೆ ಹೆಸರು ಗುಳಿಗೆಗೆ ಬರುತ್ತದೆ, ಅಷ್ಟೇ.

ಆ ಬ್ಯಾಕ್ಟೀರಿಯಾದ ಹೆಸರು ಸ್ಟ್ರೆಪ್ಟೊಕಾಕಸ್. ಅದರಲ್ಲೂ 'ಎ' ಗುಂಪಿನದ್ದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕರಿಮಣಿ ಸರ ಕಡಿದು ಚೆಲ್ಲಿದ ಹಾಗೆ ಕಾಣುತ್ತದೆ. ನಾವು ಡಾಕ್ಟರುಗಳು ಚಿಕ್ಕದಾಗಿ ಸ್ಟ್ರೆಪ್ ಅನ್ನುತ್ತೇವೆ.

ಇದನ್ನು ಗುರುತಿಸುವುದು ಹೇಗೆ? 1981ರಲ್ಲಿ ಅಮೆರಿಕದ ರಾಬರ್ಟ್ ಸೆಂಟರ್ ಅನ್ನುವ ವೈದ್ಯರು ಒಂದು ಸುಲಭದ ಲೆಕ್ಕ ಹೇಳಿದರು. ಬ್ಯಾಟರಿ ಮತ್ತು ಚಮಚ ಇದ್ದರೆ ಸಾಕು. ಜ್ವರ ಇದೆಯಾ? ಟಾನ್ಸಿಲ್ ಊದಿ ಅದರ ಮೇಲೆ ಬಿಳಿ ಕೀವು ಕೂತಿದೆಯಾ? ಕತ್ತಿನ ಮುಂಭಾಗದಲ್ಲಿ, ದವಡೆಯ ಕೆಳಗೆ, ಮುಟ್ಟಿದರೆ ನೋಯುವ ಗಂಟು ಇದೆಯಾ? ಕೆಮ್ಮು ಇಲ್ಲ ತಾನೇ? ಒಂದೊಂದಕ್ಕೆ ಒಂದು ಅಂಕ. ಕೊನೆಯದನ್ನು ಗಮನಿಸಿ. ಕೆಮ್ಮು ಇಲ್ಲದಿದ್ದರೆ ಅಂಕ. ಕೆಮ್ಮು, ಮೂಗು ಸೋರುವುದು, ಧ್ವನಿ ಕಟ್ಟುವುದು, ಇವೆಲ್ಲ ವೈರಸ್ಸಿನ ಕಡೆಗೇ ಬೆರಳು ತೋರಿಸುತ್ತವೆ. ಆಮೇಲೆ ಬಂದವರು ಇದಕ್ಕೆ ವಯಸ್ಸನ್ನೂ ಸೇರಿಸಿದರು. 3ರಿಂದ 14 ವರ್ಷದ ಮಗುವಾದರೆ ಒಂದು ಅಂಕ ಜಾಸ್ತಿ, 45 ದಾಟಿದ್ದರೆ ಒಂದು ಕಮ್ಮಿ. ನಮ್ಮ ಭೀಷ್ಮನಿಗೆ ವಯಸ್ಸು 52. ಅವರ ಲೆಕ್ಕ ಸೊನ್ನೆಗಿಂತ ಕೆಳಗೆ ಹೋಯಿತು.

ಈ ಲೆಕ್ಕವೂ ಪಕ್ಕಾ ಅಲ್ಲ. ನಾಲ್ಕಕ್ಕೆ ನಾಲ್ಕು ಬಂದವರಲ್ಲೂ ಎಷ್ಟೋ ಜನರಿಗೆ ಸ್ಟ್ರೆಪ್ ಇರುವುದಿಲ್ಲ. ಖಚಿತ ಆಗಬೇಕಾದರೆ ಗಂಟಲನ್ನು ಹತ್ತಿಯ ಕಡ್ಡಿಯಿಂದ ಒರೆಸಿ, ಲ್ಯಾಬಿನಲ್ಲಿ ಕ್ರಿಮಿ ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸಬೇಕು. ವರದಿಗೆ ಒಂದೆರಡು ದಿನ ಬೇಕು. ಹತ್ತು ನಿಮಿಷದಲ್ಲಿ ಹೇಳುವ ರ‍್ಯಾಪಿಡ್ ಟೆಸ್ಟ್ ಕೂಡ ಇದೆ. ಕೋವಿಡ್‌ಗೆ ಮೂಗಿನಲ್ಲಿ ಮಾಡಿಸಿಕೊಂಡಿರಲ್ಲ, ಅಂಥದ್ದೇ. ಆದರೆ ನಮ್ಮ ಕಡೆಯ ಸಣ್ಣ ಕ್ಲಿನಿಕ್ಕುಗಳಲ್ಲಿ ಅದು ಸಿಗುವುದು ಅಪರೂಪ. ಹಾಗಾಗಿ ಹೆಚ್ಚಿನ ಸಲ ಬ್ಯಾಟರಿ, ಚಮಚ ಮತ್ತು ಡಾಕ್ಟರ ಅನುಭವ, ಇಷ್ಟರಲ್ಲೇ ಕೆಲಸ ನಡೆಯುತ್ತದೆ.

ಇದರ ನಡುವೆ ಎರಡು ಮಾತು ಹೇಳಿಬಿಡುತ್ತೇನೆ, ಮರೆತರೆ ಕಷ್ಟ. ಬಾಯಿ ಅಗಲಿಸಲು ಆಗುತ್ತಿಲ್ಲ, ಒಂದೇ ಬದಿಗೆ ವಿಪರೀತ ನೋವು, ಉಗುಳನ್ನೂ ನುಂಗಲಾಗದೆ ಹೊರಗೆ ಸುರಿಯುತ್ತಿದೆ, ಬಾಯಲ್ಲಿ ಬಿಸಿ ಬಟಾಟೆ ಇಟ್ಟುಕೊಂಡ ಹಾಗೆ ಮಾತು, ಅಥವಾ ಉಸಿರು ಎಳೆಯುವಾಗ ಸದ್ದು. ಇವುಗಳಲ್ಲಿ ಒಂದು ಕಂಡರೂ ರಾತ್ರಿ ಹನ್ನೆರಡಾದರೂ ಸರಿ, ಆಸ್ಪತ್ರೆಗೆ ಹೊರಡಿ. ಟಾನ್ಸಿಲ್ ಪಕ್ಕದಲ್ಲಿ ಕೀವು ತುಂಬಿರಬಹುದು. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿದ್ದರೆ ಅದು ಗಂಟಲಮಾರಿ, ಅಂದರೆ ಡಿಫ್ತೀರಿಯಾ ಇರಬಹುದು. ಅದಕ್ಕೆ ಆ್ಯಂಟಿಬಯೋಟಿಕ್ ಒಂದೇ ಸಾಲದು, ವಿಷ ಇಳಿಸುವ ಔಷಧಿಯೂ ಬೇಕು. ಮಕ್ಕಳಿಗೆ ಚುಚ್ಚುಮದ್ದು ಪೂರ್ತಿ ಆಗಿದೆಯಾ, ಮನೆಗೆ ಹೋಗಿ ತಾಯಿ ಕಾರ್ಡ್ ತೆಗೆದು ನೋಡಿ.

ಇನ್ನೊಂದು ಮಾತು ಸಿದ್ದಾಪುರದ ಕಡೆಯಿಂದ ಬಂದವರಿಗೆ. ಡಿಸೆಂಬರ್‌ನಿಂದ ಮೇವರೆಗೆ, ಕಾಡಿಗೆ ಸೊಪ್ಪು ದರಕು ಅಂತ ಹೋಗಿಬಂದ ಮೇಲೆ ಇದ್ದಕ್ಕಿದ್ದಂತೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಗಂಟಲಿನ ಗುಳಿಗೆ ನುಂಗಿ ಕೂರಬೇಡಿ. ಮಂಗನ ಕಾಯಿಲೆಯ ರಕ್ತ ಪರೀಕ್ಷೆ ಮಾಡಿಸಿ. ಅದು ಉಣುಗು ಕಚ್ಚಿ ಬರುವ ವೈರಸ್. ಯಾವ ಆ್ಯಂಟಿಬಯೋಟಿಕ್ಕೂ ಅದಕ್ಕೆ ತಾಗದು.

ಈಗ ಗುಳಿಗೆಯ ಕೆಲಸ ನೋಡೋಣ. ಘಟ್ಟದ ಕೆಳಗೆ ಚಿರೇಕಲ್ಲಿನ ಮನೆ ಕಟ್ಟುವುದನ್ನು ನೋಡಿದ್ದೀರಿ. ಬ್ಯಾಕ್ಟೀರಿಯಾ ಅಂದರೆ ಸುತ್ತ ಗೋಡೆ ಇರುವ ಒಂದು ಸಣ್ಣ ಮನೆ. ಒಂದು ಎರಡಾಗುವಾಗ ಹೊಸ ಗೋಡೆ ಕಟ್ಟಬೇಕು. ಪೆನ್ಸಿಲಿನ್ ಮಾಡುವುದು ಇಷ್ಟೇ: ಕಲ್ಲಿಗೆ ಕಲ್ಲು ಬೆಸೆಯುವ ಗೌಂಡಿಯ ಕೈ ಹಿಡಿದುಬಿಡುತ್ತದೆ. ಬೆಸುಗೆ ಇಲ್ಲದ ಗೋಡೆ ಒಳಗಿನ ಒತ್ತಡ ತಾಳಲಾರದೆ ಒಡೆಯುತ್ತದೆ. ನಮ್ಮ ಜೀವಕೋಶಕ್ಕೆ ಅಂಥ ಗೋಡೆ ಇಲ್ಲ, ಹಾಗಾಗಿ ನಮಗೆ ಏನೂ ಆಗುವುದಿಲ್ಲ. ವೈರಸ್ಸಿಗೂ ಗೋಡೆ ಇಲ್ಲ. ಅದಕ್ಕೆ ಸ್ವಂತ ಮನೆಯೇ ಇಲ್ಲ, ನಮ್ಮ ಜೀವಕೋಶದೊಳಗೇ ಬಿಡಾರ ಹೂಡುತ್ತದೆ. ಇಲ್ಲದ ಗೋಡೆಯನ್ನು ಕೆಡವಲು ಪವರ್ ಎಷ್ಟಿದ್ದರೇನು?

ನನ್ನ ಮುಖ್ಯ ಮಾತು ಇನ್ನು ಮುಂದಿದೆ. ಸ್ಟ್ರೆಪ್ ಗಂಟಲು ನೋವು ಕೂಡ ಬಹಳ ಸಲ ಮದ್ದಿಲ್ಲದೆ ವಾರದೊಳಗೆ ಇಳಿಯುತ್ತದೆ. ಆ್ಯಂಟಿಬಯೋಟಿಕ್ ಕೊಟ್ಟರೆ ನೋವು ಒಂದು ದಿನದಷ್ಟು ಮೊದಲೇ ಕಮ್ಮಿಯಾಗಬಹುದು. ಒಂದೇ ಒಂದು ದಿನ. ಹಾಗಾದರೆ ಹತ್ತು ದಿನ ಮಗುವಿನ ಹಿಂದೆ ಚಮಚ ಹಿಡಿದು ಯಾಕೆ ಓಡಬೇಕು? ಗಂಟಲಿಗಾಗಿ ಅಲ್ಲ. ಹೃದಯಕ್ಕಾಗಿ.

ಕೆಲವು ವರ್ಷದ ಹಿಂದೆ ಒಂಬತ್ತು ವರ್ಷದ ಒಂದು ಹುಡುಗಿಯನ್ನು ಅವಳ ಅಜ್ಜಿ ಕರೆತಂದಿದ್ದರು. ಬಲ ಮೊಣಕಾಲು ಕೆಂಪಾಗಿ ಊದಿತ್ತು. ಶಾಲೆಯಲ್ಲಿ ಬಿದ್ದಿರಬೇಕು ಅಂತ ಎಣ್ಣೆ ಹಚ್ಚಿದ್ದರು. ಎರಡು ದಿನ ಬಿಟ್ಟು ಮೊಣಕಾಲು ಸರಿಯಾಯಿತು, ಎಡಗಾಲಿನ ಹರಡು ಊದಿತು. ಅದು ಇಳಿಯುವಷ್ಟರಲ್ಲಿ ಮೊಣಕೈ. "ನೋವು ಮೈಯೆಲ್ಲ ಓಡಾಡ್ತಾ ಇದೆ ಡಾಕ್ಟ್ರೇ" ಅಂದರು ಅಜ್ಜಿ. ಓದಿದ ಯಾವ ಡಾಕ್ಟರೂ ಅದಕ್ಕಿಂತ ಚೆನ್ನಾಗಿ ಹೇಳಲಾರ. ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಬಡಿತದ ಜೊತೆಗೆ ಗಾಳಿ ಸೋರಿದಂಥ ಒಂದು ಸದ್ದು. ಹಿಂದಿನ ತಿಂಗಳು ಗಂಟಲು ನೋವು ಬಂದಿತ್ತಾ ಅಂತ ಕೇಳಿದೆ. ಬಂದಿತ್ತು. ಮೆಡಿಕಲ್‌ನಿಂದ ಮೂರು ಗುಳಿಗೆ ತಂದಿದ್ದರು. ಎರಡು ನುಂಗುವಷ್ಟರಲ್ಲಿ ಜ್ವರ ಬಿಟ್ಟಿತು. ಮೂರನೆಯದನ್ನು ಅಜ್ಜಿ ಜೋಪಾನವಾಗಿ ಎತ್ತಿಟ್ಟಿದ್ದರು, ಮುಂದೆ ಯಾರಿಗಾದರೂ ಬೇಕಾಗುತ್ತದೆ ಅಂತ.

ಆ ಮೂರನೆಯದನ್ನೂ ನುಂಗಿದ್ದರೆ ತಪ್ಪುತ್ತಿತ್ತು ಅಂತ ನಾನು ಹೇಳುವುದಿಲ್ಲ. ಬೇಕಾಗಿದ್ದು ಆ ಮದ್ದೇ ಅಲ್ಲ. ಬೇಕಾಗಿದ್ದು ಪೆನ್ಸಿಲಿನ್ ಜಾತಿಯದ್ದು, ಹತ್ತು ದಿನ. ಅದನ್ನು ಹೇಳುವವರು ಯಾರೂ ಅವಳ ಗಂಟಲು ನೋಡಿರಲಿಲ್ಲ.

ಇದು ರುಮ್ಯಾಟಿಕ್ ಜ್ವರ. ಗಂಟಲು ನೋವು ಹೋಗಿ ಎರಡು ಮೂರು ವಾರಕ್ಕೆ ಬರುತ್ತದೆ. 5ರಿಂದ 15 ವರ್ಷದ ಮಕ್ಕಳಲ್ಲಿ ಹೆಚ್ಚು. ನಡೆಯುವುದು ಹೀಗೆ: ಸ್ಟ್ರೆಪ್‌ನ ಮೈಮೇಲಿನ ಕೆಲವು ಪ್ರೋಟೀನುಗಳು ನಮ್ಮ ಹೃದಯದ ಪ್ರೋಟೀನನ್ನು ಹೋಲುತ್ತವೆ. ಒಂದೇ ರಂಗಸ್ಥಳದಲ್ಲಿ ಇಬ್ಬರು ಒಂದೇ ವೇಷ ಕಟ್ಟಿ ಬಂದ ಹಾಗೆ. ಕ್ರಿಮಿಯನ್ನು ಹೊಡೆಯಲು ತಯಾರಾದ ನಮ್ಮದೇ ದೇಹದ ಸೈನ್ಯಕ್ಕೆ ಗೊಂದಲವಾಗಿ ಹೃದಯದ ಕವಾಟದ ಮೇಲೆ ಬೀಳುತ್ತದೆ. ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಅಂತ ವೈದ್ಯರಲ್ಲಿ ಒಂದು ಹಳೇ ಮಾತಿದೆ. ಕೀಲು ನೋವು ಕುರುಹಿಲ್ಲದೆ ಹೋಗುತ್ತದೆ. ಕವಾಟಕ್ಕೆ ಆದ ಗಾಯ ಉಳಿಯುತ್ತದೆ. ಕೆಲವರಲ್ಲಿ ಅದು ವರ್ಷಗಟ್ಟಲೆ ಸುಮ್ಮನಿದ್ದು, ಬಸುರಿಯಾದಾಗ ಏದುಸಿರು ಬಂದು, ಆಗ ಗೊತ್ತಾಗುತ್ತದೆ. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಬಲೂನ್ ಹಾಕಿ ಕವಾಟ ಬಿಡಿಸುತ್ತಾರಲ್ಲ, ಅವರಲ್ಲಿ ಹೆಚ್ಚಿನವರ ಕಥೆ ಶುರುವಾದದ್ದು ಚಿಕ್ಕಂದಿನ ಒಂದು ಗಂಟಲು ನೋವಿನಿಂದ.

ಹೆದರಿಸಲು ಹೇಳುತ್ತಿಲ್ಲ. ಸ್ಟ್ರೆಪ್ ಬಂದ ಎಲ್ಲ ಮಕ್ಕಳಿಗೂ ಇದು ಬರುವುದಿಲ್ಲ, ತೀರಾ ಕೆಲವರಿಗೆ. ಆದರೆ ಇದು ತಪ್ಪಿಸಬಹುದಾದ ಹೃದಯ ರೋಗ. ಅಮೆರಿಕದ ವಯೋಮಿಂಗ್‌ನ ಒಂದು ವಾಯುಪಡೆ ನೆಲೆಯಲ್ಲಿ ಸೈನಿಕರಿಗೆ ಸ್ಟ್ರೆಪ್ ಗಂಟಲು ನೋವು ಸಾಲಾಗಿ ಬರುತ್ತಿತ್ತು. ಅಲ್ಲಿನ ವೈದ್ಯರು ಒಂದಷ್ಟು ಜನರಿಗೆ ಪೆನ್ಸಿಲಿನ್ ಕೊಟ್ಟರು, ಒಂದಷ್ಟು ಜನರಿಗೆ ಕೊಡಲಿಲ್ಲ. 1950ರಲ್ಲಿ ಫಲಿತಾಂಶ ಹೊರಬಂತು. ಮದ್ದು ಪಡೆದವರಲ್ಲಿ ರುಮ್ಯಾಟಿಕ್ ಜ್ವರ ಹತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು. ಇನ್ನೂ ಒಂದು ಸಮಾಧಾನದ ವಿಷಯ ಇದೆ. ನೋವು ಶುರುವಾಗಿ ಒಂಬತ್ತು ದಿನದೊಳಗೆ ಪೆನ್ಸಿಲಿನ್ ಶುರು ಮಾಡಿದರೂ ಹೃದಯಕ್ಕೆ ರಕ್ಷಣೆ ಸಿಗುತ್ತದೆ. ಅಂದರೆ ಗಡಿಬಿಡಿ ಇಲ್ಲ. ದೇವಿಮನೆ ಘಟ್ಟ ಹತ್ತಿ ಬರುವವರಿಗೂ, ಜೋಯಿಡಾದ ಮೂಲೆಯಿಂದ ಬರುವವರಿಗೂ, ಡಾಕ್ಟರಿಗೆ ತೋರಿಸಿ, ಕಲ್ಚರ್ ವರದಿಗೆ ಕಾದು, ಆಮೇಲೆ ಗುಳಿಗೆ ಶುರು ಮಾಡುವಷ್ಟು ಹೊತ್ತು ಇದೆ.

ಯಾವ ಮದ್ದು? ಇದು ನನಗೆ ಇಷ್ಟದ ಭಾಗ. ಬೋರ್ಡೋ ಎಷ್ಟು ಹಳೆಯದು ಗೊತ್ತಾ? ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ 1880ರ ದಶಕದಲ್ಲಿ ಹುಟ್ಟಿದ್ದು. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬೆನ್ನು ಹತ್ತಿ, ಇದನ್ನು ಹೊಡೆಯಿರಿ ಅಂದರು. ನೂರು ವರ್ಷ ದಾಟಿತು, ಕೊಳೆ ಇನ್ನೂ ಅದಕ್ಕೆ ಬಗ್ಗುತ್ತದೆ. ಸ್ಟ್ರೆಪ್ ಮತ್ತು ಪೆನ್ಸಿಲಿನ್ ಕಥೆಯೂ ಹಾಗೇ. ಬಳಕೆಗೆ ಬಂದು ಎಂಬತ್ತು ವರ್ಷವಾಯಿತು. ರೋಗಿಯ ಗಂಟಲಿನಿಂದ ತೆಗೆದ ಸ್ಟ್ರೆಪ್‌ನಲ್ಲಿ ಪೆನ್ಸಿಲಿನ್‌ಗೆ ಬಗ್ಗದ್ದು ಇವತ್ತಿಗೂ ಸಿಕ್ಕಿಲ್ಲ. ಆದರೆ ನಮಗೆ ಹಳೆಯದೆಂದರೆ ಸಸಾರ. ಹೊಸದು, ದುಬಾರಿಯದ್ದು, ಮೂರೇ ದಿನದ್ದು ಬೇಕು. ಅಜಿತ್ರೊಮೈಸಿನ್‌ಗೆ ಬಗ್ಗದ ಸ್ಟ್ರೆಪ್ ಮಾತ್ರ ಎಷ್ಟೋ ಊರುಗಳಲ್ಲಿ ಸಿಕ್ಕಿದೆ. ಪೆನ್ಸಿಲಿನ್ ಅಲರ್ಜಿ ನಿಜವಾಗಿ ಇದ್ದವರಿಗೆ ಅದು ಬೇಕಾಗಬಹುದು, ಅದೂ ಐದು ದಿನ. ಎಲ್ಲರಿಗೂ ಅಲ್ಲ.

ನಾವು ಸಾಮಾನ್ಯವಾಗಿ ಬರೆಯುವುದು ಅಮಾಕ್ಸಿಸಿಲಿನ್. ಪೆನ್ಸಿಲಿನ್ನಿನ ಮನೆತನದ್ದೇ. ಎಷ್ಟು ಅಂತ ಮಗುವಿನ ತೂಕ ನೋಡಿ ಡಾಕ್ಟರು ಹೇಳುತ್ತಾರೆ. ಎಷ್ಟು ದಿನ ಅಂದರೆ ಹತ್ತು. ಇಲ್ಲೊಂದು ಸಣ್ಣ ತೊಡಕಿದೆ, ಬಹಳ ಮನೆಗಳಲ್ಲಿ ಕೋರ್ಸ್ ಮುರಿಯುವುದು ಇಲ್ಲೇ. ಮಕ್ಕಳ ಸಿರಪ್ ಪುಡಿಯಾಗಿ ಬರುತ್ತದೆ. ಕಾಯಿಸಿ ಆರಿಸಿದ ನೀರು ಗೆರೆಯವರೆಗೆ ಹಾಕಿ ಕಲಸಬೇಕು. ಕಲಸಿದ ಮೇಲೆ ಒಂದು ವಾರ ಅಷ್ಟೇ ಅದರ ಆಯುಷ್ಯ, ಬಾಟಲಿ ಮೇಲೇ ಬರೆದಿರುತ್ತದೆ. ಅಂದರೆ ಹತ್ತು ದಿನಕ್ಕೆ ಒಂದು ಬಾಟಲಿ ಸಾಲದು. ಬಾಟಲಿ ಖಾಲಿಯಾಯಿತು, ಮಗು ಆಡುತ್ತಿದೆ, ಇನ್ನೊಂದು ಯಾರು ತರುತ್ತಾರೆ? ಮೊದಲ ದಿನವೇ ಎರಡನೆಯದನ್ನೂ ತಂದಿಡಿ, ನೀರು ಹಾಕದೆ.

ಹತ್ತು ದಿನ ಆಗುವುದೇ ಇಲ್ಲ ಅನ್ನುವವರಿಗೆ ಒಂದೇ ಸೂಜಿಯ ದಾರಿ ಇದೆ. ಬೆಂಜಥೀನ್ ಪೆನ್ಸಿಲಿನ್. 27 ಕಿಲೋಗಿಂತ ಕಮ್ಮಿ ಇದ್ದರೆ 6 ಲಕ್ಷ ಯೂನಿಟ್, ಅದಕ್ಕಿಂತ ಜಾಸ್ತಿ ಇದ್ದರೆ 12 ಲಕ್ಷ. ಚುಚ್ಚಿದ ಜಾಗ ಎರಡು ದಿನ ಚೆನ್ನಾಗಿಯೇ ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ನಾನು ಕಾರವಾರದಲ್ಲಿದ್ದಾಗ ಬೈತಖೋಲದ ಒಬ್ಬ ಬೋಟಿನವರು ಬರುತ್ತಿದ್ದರು. ಕೀವು ತುಂಬಿದ ಟಾನ್ಸಿಲ್, ನಾಳೆ ಬೆಳಗ್ಗೆ ಸಮುದ್ರಕ್ಕೆ. ಬೋಟಿನಲ್ಲಿ ಗುಳಿಗೆ ಒದ್ದೆಯಾಗುತ್ತದೆ, ಹೊತ್ತಿನ ಲೆಕ್ಕ ತಪ್ಪುತ್ತದೆ. ಅಂಥವರಿಗೆ ಸೂಜಿಯೇ ಸರಿ. ಆದರೆ ಅಲರ್ಜಿ ಅಪರೂಪಕ್ಕೆ ಜೋರಾಗಿ ಬರಬಹುದು. ಹಾಗಾಗಿ ತುರ್ತು ಔಷಧಿ ಕೈಗೆಟುಕುವ ಜಾಗದಲ್ಲಷ್ಟೇ ಹಾಕಿಸಿಕೊಳ್ಳಿ, ಹಾಕಿಸಿಕೊಂಡು ಅರ್ಧ ಗಂಟೆ ಅಲ್ಲೇ ಕೂರಿ. ಹಿಂದೆ ಯಾವ ಮದ್ದಿನಿಂದಾದರೂ ಮೈ ದಡಸಲು ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಮೊದಲೇ ಹೇಳಿ.

ಮಜ್ಜಿಗೆ ಬೇಡವಾ ಅಂತ ದಿನಾ ಕೇಳುತ್ತಾರೆ. ಅಮಾಕ್ಸಿಸಿಲಿನ್‌ಗೆ ಮಜ್ಜಿಗೆ, ಮೊಸರು, ತಂಬುಳಿ ಯಾವುದೂ ಅಡ್ಡಿ ಇಲ್ಲ. ಹಾಲು ಮೊಸರಿನ ಜೊತೆ ನುಂಗಬೇಡಿ ಅನ್ನುವುದು ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಥರದವಕ್ಕೆ. ಮಗು ಶಾಲೆಗೆ ಯಾವಾಗ? ಮದ್ದು ಶುರುವಾಗಿ 24 ಗಂಟೆ ಕಳೆದು, ಜ್ವರ ಬಿಟ್ಟ ಮೇಲೆ. ಆಮೇಲೆ ಪಕ್ಕದ ಮಗುವಿಗೆ ಹರಡುವ ಭಯ ಬಹುತೇಕ ಇಲ್ಲ.

ಈಗ ಒಂದು ಕಥೆ. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಗಾಜಿನ ತಟ್ಟೆಯಲ್ಲಿ ಬೂಸ್ಟು ಬೆಳೆದು, ಅದರ ಸುತ್ತಲಿನ ಬ್ಯಾಕ್ಟೀರಿಯಾ ಸತ್ತದ್ದು ನೀವು ಶಾಲೆಯಲ್ಲಿ ಓದಿದ್ದೀರಿ. ಬೂಸ್ಟು ನಮಗೇನು ಹೊಸದಲ್ಲ, ಈ ಮಳೆಗಾಲದಲ್ಲಿ ಚಪ್ಪಲಿಗೂ ಹಿಡಿಯುತ್ತದೆ. ಆದರೆ ಫ್ಲೆಮಿಂಗ್‌ಗೆ ಅದರಿಂದ ಮದ್ದು ತೆಗೆಯಲು ಆಗಲಿಲ್ಲ. ತೆಗೆದವರು ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮತ್ತು ಅವರ ತಂಡದವರು. 1940ರ ಮೇ 25ರಂದು ಅವರು ಎಂಟು ಇಲಿಗಳಿಗೆ ಸ್ಟ್ರೆಪ್ ಚುಚ್ಚಿದರು. ಹೌದು, ಇದೇ ಸ್ಟ್ರೆಪ್ಟೊಕಾಕಸ್. ನಾಲ್ಕಕ್ಕೆ ಪೆನ್ಸಿಲಿನ್ ಕೊಟ್ಟರು, ನಾಲ್ಕಕ್ಕೆ ಇಲ್ಲ. ಬೆಳಗಾಗುವಷ್ಟರಲ್ಲಿ ಮದ್ದಿಲ್ಲದ ನಾಲ್ಕೂ ಸತ್ತಿದ್ದವು. ಮಾರನೇ ವರ್ಷ ಆಲ್ಬರ್ಟ್ ಅಲೆಕ್ಸಾಂಡರ್ ಅನ್ನುವ ಪೊಲೀಸಿನವನಿಗೆ ಕೊಟ್ಟರು. ಮುಖವೆಲ್ಲ ಕೀವಾಗಿದ್ದವನು ನಾಲ್ಕೈದು ದಿನದಲ್ಲಿ ಎದ್ದು ಕೂತ. ಅಷ್ಟರಲ್ಲಿ ಮದ್ದು ಮುಗಿಯಿತು. ಅವನ ಮೂತ್ರದಿಂದಲೇ ಪೆನ್ಸಿಲಿನ್ ಸೋಸಿ ತೆಗೆದು ಮತ್ತೆ ಚುಚ್ಚಿದರು. ಅದೂ ಮುಗಿಯಿತು. ಮಾರ್ಚ್ ತಿಂಗಳಲ್ಲಿ ಅವನು ತೀರಿಕೊಂಡ. ಆ ಪೊಲೀಸಿನವನಿಗೆ ಸಿಗದೇ ಹೋದದ್ದು ಇನ್ನೊಂದಿಷ್ಟು ದಿನದ ಮದ್ದು. ನಾವು ಅದನ್ನೇ ಕಪಾಟಿನಲ್ಲಿ ಎತ್ತಿಡುತ್ತೇವೆ.

1945ರಲ್ಲಿ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೂ ನೊಬೆಲ್ ಬಂತು. ಆ ಡಿಸೆಂಬರಿನ ಭಾಷಣದಲ್ಲಿ ಫ್ಲೆಮಿಂಗ್ ಒಂದು ಕಲ್ಪನೆಯ ಕಥೆ ಹೇಳಿದರು. ಒಬ್ಬನಿಗೆ ಗಂಟಲು ನೋವು. ತಾನೇ ಪೆನ್ಸಿಲಿನ್ ಕೊಂಡು ಅರೆಬರೆ ತಗೊಳ್ಳುತ್ತಾನೆ. ಸ್ಟ್ರೆಪ್ ಸಾಯುವಷ್ಟಲ್ಲ, ಮದ್ದನ್ನು ಎದುರಿಸಲು ಕಲಿಯುವಷ್ಟು. ಅದು ಹೆಂಡತಿಗೆ ಅಂಟುತ್ತದೆ, ಅವಳಿಗೆ ನ್ಯುಮೋನಿಯಾ ಆಗುತ್ತದೆ. ಆಗ ಪೆನ್ಸಿಲಿನ್ ಕೆಲಸ ಮಾಡುವುದಿಲ್ಲ, ಅವಳು ಸಾಯುತ್ತಾಳೆ. ನೋಡಿ, ಗುಳಿಗೆ ಎಲ್ಲರ ಕೈಗೆ ಸಿಗುವ ಮೊದಲೇ, ಲೋಕದ ಅಷ್ಟೂ ರೋಗ ಬಿಟ್ಟು, ಆತ ಹೇಳಲು ಆರಿಸಿಕೊಂಡದ್ದು ಗಂಟಲು ನೋವನ್ನು.

ಅವರ ಕಥೆ ಒಂದು ಕಡೆ ತಪ್ಪಿತು. ಆಗಲೇ ಹೇಳಿದೆನಲ್ಲ, ಸ್ಟ್ರೆಪ್ ಪೆನ್ಸಿಲಿನ್ ವಿದ್ಯೆ ಕಲಿಯಲೇ ಇಲ್ಲ. ಕಲಿತವರು ಅಕ್ಕಪಕ್ಕದವರು. ಗುಳಿಗೆ ಗಂಟಲಿಗೆ ಅಂತ ನುಂಗಿದರೂ ಅದು ಮೈಯೆಲ್ಲ ಓಡಾಡುತ್ತದೆ. ಚರ್ಮದಲ್ಲಿ, ಮೂಗಿನಲ್ಲಿ, ಕರುಳಿನಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾ ತಮ್ಮ ಪಾಡಿಗೆ ಇರುತ್ತವೆ. ಪ್ರತಿ ಸಲ ಸುಮ್ಮನೆ ನುಂಗಿದಾಗಲೂ ಅವುಗಳಿಗೆ ಒಂದು ಪಾಠ. ಬಗ್ಗುವಂಥವು ಸಾಯುತ್ತವೆ, ಬಗ್ಗದವು ಉಳಿದು ಸಂಸಾರ ಬೆಳೆಸುತ್ತವೆ. ನಾಳೆ ನಿಮ್ಮ ಅಮ್ಮನಿಗೆ ಮೂತ್ರದ ಸೋಂಕು ಬಂದಾಗ ಗುಳಿಗೆ ತಾಗುವುದಿಲ್ಲ, ಸಲೈನಿನಲ್ಲಿ ಕೊಡುವ ಮದ್ದೇ ಬೇಕು ಅನ್ನುತ್ತಾರೆ. ಅದಕ್ಕೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಕಾರು ಮಾಡಿಕೊಂಡು ಹೋಗಬೇಕು. ಎಲ್ಲೋ ಕೇಳಿದ ದೂರದ ಕಥೆಯಲ್ಲ ಇದು, ನನ್ನ ಕ್ಲಿನಿಕ್ಕಿನಲ್ಲೇ ನೋಡುತ್ತೇನೆ.

ತಪ್ಪು ಯಾರದ್ದು? ಜನರನ್ನಷ್ಟೇ ಬೈದರೆ ನ್ಯಾಯವಲ್ಲ. ಡಾಕ್ಟರು ಮೂವತ್ತು ಕಿಲೋಮೀಟರ್ ದೂರ, ಬಸ್ಸು ದಿನಕ್ಕೆ ಎರಡು ಇರುವ ಊರಿನಲ್ಲಿ ಮೆಡಿಕಲ್ ಅಂಗಡಿಯೇ ಆಸ್ಪತ್ರೆ. ಕೂಲಿ ಬಿಟ್ಟು ಬಂದವನಿಗೆ 'ಏನೂ ಬೇಡ, ಕಷಾಯ ಕುಡಿ' ಅಂದರೆ ಮೋಸ ಹೋದ ಹಾಗೆ ಅನಿಸುತ್ತದೆ. ನಾನೂ ಸಾಚಾ ಅಲ್ಲ. ಶುರುವಿನ ವರ್ಷಗಳಲ್ಲಿ ಹೊರಗೆ ನಲವತ್ತು ಜನ ಕಾಯುತ್ತಿದ್ದರೆ, ವೈರಸ್ ಅಂತ ಐದು ನಿಮಿಷ ವಿವರಿಸುವ ಬದಲು ಅರ್ಧ ನಿಮಿಷದಲ್ಲಿ ಗುಳಿಗೆ ಬರೆದು ಕಳಿಸಿದ್ದೇನೆ. ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ಇಟ್ಟಿದ್ದರೆ ನಾಚಿಕೆಯಾಗುತ್ತಿತ್ತು.

ಗುಳಿಗೆ ಪಟ್ಟಿಯ ಹಿಂದೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ, ನೋಡಿದ್ದೀರಾ? ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು, ತಗೊಳ್ಳಬಾರದು ಅಂತ ಅದರ ಅರ್ಥ. 2014ರಿಂದ ಎಚ್-1 ಅನ್ನುವ ಪಟ್ಟಿಯೂ ಇದೆ. ಅದರಲ್ಲಿರುವ ಮದ್ದು ಮಾರಿದರೆ ಅಂಗಡಿಯವರು ರೋಗಿಯ ಹೆಸರು, ಬರೆದ ಡಾಕ್ಟರ ಹೆಸರು ಎಲ್ಲ ಪುಸ್ತಕದಲ್ಲಿ ಬರೆದಿಡಬೇಕು. ಕಾನೂನು ಇದೆ. ಇಲ್ಲಿ ಅಂಗಡಿಯವರೂ ಕೂತಿದ್ದಾರೆ, ಜಾಸ್ತಿ ಹೇಳುವುದಿಲ್ಲ. ಚೀಟಿ ಕೇಳಿದರೆ ದಯವಿಟ್ಟು ಅವರ ಮೇಲೆ ಸಿಟ್ಟಾಗಬೇಡಿ.

ಆಮೇಲೆ ಪ್ರಶ್ನೆಗಳು ಬಂದವು. ನೆನಪಿದ್ದಷ್ಟು ಬರೆಯುತ್ತೇನೆ.

ಒಬ್ಬ ಅಮ್ಮ ಕೇಳಿದರು: ಹಾಗಾದರೆ ಕಷಾಯ, ಜೇನುತುಪ್ಪ, ಶುಂಠಿ ಎಲ್ಲ ಸುಳ್ಳಾ? ಸುಳ್ಳಲ್ಲ. ಕ್ರಿಮಿಯನ್ನು ಓಡಿಸುತ್ತದೆ ಅಂದರೆ ನಾನು ಒಪ್ಪುವುದಿಲ್ಲ, ಆದರೆ ಗಂಟಲಿಗೆ ಹಿತ. ವೈರಸ್ ನೋವಿಗೆ ಬೇಕಾದದ್ದೇ ಅದು. ಬಿಸಿ ಗಂಜಿ, ಮೆಣಸಿನ ಕಷಾಯ, ನೋವು ಜ್ವರಕ್ಕೆ ಪ್ಯಾರಾಸಿಟಮಾಲ್. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ನೆಕ್ಕಿಸಬೇಡಿ. ಮಕ್ಕಳಿಗೆ ಆಸ್ಪಿರಿನ್ ಬೇಡ.

ಪಿಯುಸಿ ಹುಡುಗನೊಬ್ಬ ಒಳ್ಳೆಯ ಪ್ರಶ್ನೆ ಕೇಳಿದ. "ಈಗ ಕೋರ್ಸ್ ಪೂರ್ತಿ ಮಾಡಬೇಕಾಗಿಲ್ಲ ಅಂತ ಓದಿದೆ ಸರ್. ಜಾಸ್ತಿ ದಿನ ನುಂಗಿದರೇ ಕ್ರಿಮಿ ಗಟ್ಟಿಯಾಗುತ್ತಂತೆ?" ಅವನು ಹೇಳಿದ್ದು ಪೂರ್ತಿ ತಪ್ಪಲ್ಲ. ಹಲವು ಸೋಂಕುಗಳಿಗೆ ಮೊದಲಿಗಿಂತ ಕಮ್ಮಿ ದಿನ ಸಾಕು ಅಂತ ಈಗ ಗೊತ್ತಾಗಿದೆ. ರುಮ್ಯಾಟಿಕ್ ಜ್ವರ ಅಪರೂಪವಾದ ಕೆಲವು ದೇಶಗಳಲ್ಲಿ ಸ್ಟ್ರೆಪ್‌ಗೂ ಐದು ದಿನ ಕೊಡುವುದಿದೆ. ಆದರೆ ಅಲ್ಲಿ ಅವರು ನೋಡುವುದು ಗಂಟಲನ್ನು. ನಮ್ಮ ಕಡೆ ಕವಾಟ ಕೆಟ್ಟ ಮಕ್ಕಳು ಇನ್ನೂ ಬರುತ್ತಿದ್ದಾರೆ. ಗಂಟಲ ಮೂಲೆಯಲ್ಲಿ ಒಂದೂ ಸ್ಟ್ರೆಪ್ ಉಳಿಯದಂತೆ ಮಾಡಬೇಕಾದರೆ ಹತ್ತು ದಿನದ್ದೇ ನಂಬಿಕೆ. ಬೋರ್ಡೋ ಒಂದು ಸಲ ಹೊಡೆದು, 40–45 ದಿನಕ್ಕೆ ಎರಡನೇ ಸಲ ಹೊಡೆಯದೇ ಬಿಟ್ಟರೆ ಏನಾಗುತ್ತದೆ ಅಂತ ಅವನ ಅಪ್ಪನನ್ನೇ ಕೇಳು ಅಂದೆ. ಅಪ್ಪ ಪಕ್ಕದಲ್ಲೇ ಇದ್ದರು. "ಬುಡದ ತುಂಬ ಉದುರಿದ ಅಡಿಕೆ" ಅಂದರು.

ಇನ್ನೊಬ್ಬರು ರಕ್ತ ಪರೀಕ್ಷೆಯ ಕಾಗದ ತಂದಿದ್ದರು. ಎಎಸ್‌ಒ ಜಾಸ್ತಿ ಇದೆ, ಸೂಜಿ ಶುರು ಮಾಡಬೇಕಾ ಅಂತ. ಆ ಪರೀಕ್ಷೆ ಹೇಳುವುದು ಹಿಂದೆ ಯಾವಾಗಲೋ ಸ್ಟ್ರೆಪ್ ಬಂದುಹೋಗಿದೆ ಅಂತ ಮಾತ್ರ. ಬರೀ ಆ ಅಂಕಿ ನೋಡಿ ವರ್ಷಗಟ್ಟಲೆ ಪೆನ್ಸಿಲಿನ್ ಚುಚ್ಚಿಸಿಕೊಂಡವರನ್ನು ಕಂಡಿದ್ದೇನೆ. ಅವರಿಗೆ ಕೀಲೂ ಊದಿಲ್ಲ, ಹೃದಯವೂ ಕೆಟ್ಟಿಲ್ಲ. ಕಾಗದಕ್ಕಲ್ಲ, ಮನುಷ್ಯನಿಗೆ ಮದ್ದು ಕೊಡಬೇಕು.

ಮೈಕ್ ಆರಿಸಿ ಕೊಡೆ ಹುಡುಕುತ್ತಿದ್ದಾಗ ಒಬ್ಬ ಅಕ್ಕ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಆ ಹುಡುಗಿ ಈಗ ಹೇಗಿದ್ದಾಳೆ?"

ಚೆನ್ನಾಗಿದ್ದಾಳೆ. ಹುಬ್ಬಳ್ಳಿಯಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದಾಗ ಒಂದು ಕವಾಟ ಸೋರುತ್ತಿರುವುದು ಗೊತ್ತಾಯಿತು, ಆಪರೇಷನ್ ಬೇಕಾಗಲಿಲ್ಲ. ಆದರೆ ಮತ್ತೆ ಒಂದು ಸಲ ಸ್ಟ್ರೆಪ್ ಬಂದರೆ ಕವಾಟ ಇನ್ನಷ್ಟು ಕೆಡುತ್ತದೆ. ಅದಕ್ಕೇ ಅವಳಿಗೆ 21 ದಿನಕ್ಕೊಮ್ಮೆ ಅದೇ ಬೆಂಜಥೀನ್ ಪೆನ್ಸಿಲಿನ್ ಸೂಜಿ. ಎಷ್ಟು ವರ್ಷ ಅಂತ ಕೇಳಿದರೆ, ಅವಳಂಥವರಿಗೆ ನಲವತ್ತು ವಯಸ್ಸಿನವರೆಗೂ ಬೇಕಾಗಬಹುದು. ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಅಜ್ಜಿ ಎರಡು ಬಗೆಯ ಗುರುತು ಹಾಕುತ್ತಾರೆ. ಬೋರ್ಡೋ ಹೊಡೆಸುವ ದಿನಕ್ಕೆ ನೀಲಿ ಪೆನ್ನಿನ ಸುತ್ತು, ಮೊಮ್ಮಗಳ ಸೂಜಿಯ ದಿನಕ್ಕೆ ಕುಂಕುಮದ ಬೊಟ್ಟು. ಈ ಸಲ ಎರಡೂ ಒಂದೇ ದಿನ ಬಿದ್ದಿತ್ತು. ಕೊನೆಗೌಡರನ್ನು ನಾಳೆ ಬನ್ನಿ ಅಂತ ಕಳಿಸಿ, ಅಜ್ಜಿ ಮೊಮ್ಮಗಳು ಬೆಳಗಿನ ಬಸ್ಸಿಗೆ ಬಂದಿದ್ದರು.